ಒಗೆಯದ ಕೋಟು

ಮಾರ್ಚ್ 4, ಬೆಳಿಗ್ಗೆ 7.40

ಪಾಳಿ ಬದಲಾಯಿತು. ಗಾಡಿಯ ನೀರು ನೋಡಿದೆ, ಗಾಳಿಯ ಸಿಲಿಂಡರ್ ನೋಡಿದೆ, ಕಾಫಿ ನೋಡಿದೆ. ಮೊದಲೆರಡು ಸರಿ ಇವೆ.

ಪೇಪರಿನಲ್ಲಿ ನಮ್ಮೆಲ್ಲರ ಸಂಬಳ ಬಂದಿದೆ. ಊರಿನ ಇಪ್ಪತ್ತೆಂಟು ಫೈರ್‌ಮನ್‌ಗಳ ಹೆಸರು, ದೊಡ್ಡ ಮೊತ್ತದಿಂದ ಚಿಕ್ಕದಕ್ಕೆ, ಓವರ್‌ಟೈಮ್ ಸೇರಿಸಿ. ಮೇಲೆ ದಪ್ಪಕ್ಷರ — 'ನಿಮ್ಮ ತೆರಿಗೆ ಉರಿಯುವುದು ಎಲ್ಲಿ?' ನಾನು ಹನ್ನೊಂದನೆಯವನು. ನಮ್ಮ ಪಾಳಿಯ ಮಾಂಡೋ ಮೂರನೆಯವನು. ಇಬ್ಬರು ಹೆಣ್ಣುಮಕ್ಕಳ ಕಾಲೇಜಿಗೆಂದು ರಜೆಯ ದಿನವೂ ದುಡಿದ, ಅದಕ್ಕೆ ಈ ಪದಕ.

ಸ್ಟೇಷನ್ನಿನ ಹಳೇ ಕಟ್ಟಳೆ: ಯಾರ ಹೆಸರೋ ಫೋಟೋವೋ ಪೇಪರಿನಲ್ಲಿ ಬರುತ್ತದೋ ಅವನು ಎಲ್ಲರಿಗೂ ಐಸ್‌ಕ್ರೀಮ್ ತರಬೇಕು. ಉರಿಯುವ ಮನೆಯಿಂದ ಮಗುವನ್ನು ಎತ್ತಿಕೊಂಡು ಬಂದಿದ್ದರೂ ಸರಿಯೇ. ತಲೆ ತಿರುಗಬಾರದು ಅಂತ. ಇವತ್ತು ಎಲ್ಲರ ಹೆಸರೂ ಬಂದಿದೆ...

"ಫ್ರಿಜ್ಜು ಸಾಲಲ್ಲ ಕಣ್ರೋ. ಇನ್ನೊಂದು ಕೇಳೋಣ ಕೌನ್ಸಿಲ್ಲಿಗೆ," ಎಂದ ಡೂಲಿ, ನಮ್ಮ ಗಾಡಿಯ ಡ್ರೈವರ್.

"ಕೇಳು, ಕೇಳು. ಅದೂ ಪೇಪರಲ್ಲಿ ಬರುತ್ತೆ. ಮತ್ತೆ ಐಸ್‌ಕ್ರೀಮು," ಎಂದ ಮಾಂಡೋ. ನಕ್ಕ. ನಗು ಕೆಮ್ಮಾಯಿತು.

ಅವನು ತಂದದ್ದು ಕಾಫಿ ಐಸ್‌ಕ್ರೀಮ್. ಬೇರೆ ಯಾರಿಗೂ ಇಷ್ಟವಿಲ್ಲ. "ಅದಕ್ಕೇ ಅದನ್ನ ತಂದಿರೋದು. ಉಳಿಯುತ್ತೆ!"

ಪಾಳಿಗೊಂದು ಪದ್ಯ ಗೀಚುವುದು ನನ್ನ ಚಟ. ಅಡುಗೆಮನೆ ಬೋರ್ಡಿನ ಮೇಲೆ ಇವತ್ತಿನ ಸೇವೆ:

ಹೆಸರು ಬಂತು, ಸಂಬಳ ಬಂತು, ಬೈಗುಳ ಬಂತು ಜೊತೆಗೆ
ಗಂಟಲು ತಣಿಸಿ ಹೊರಡಿರಪ್ಪ ಮುಂದಿನ ಮನೆಯ ಹೊಗೆಗೆ

ಮಾರ್ಚ್ 9

ಅಡುಗೆಯ ಸರದಿ ಮಾಂಡೋನದು. ಅವನಜ್ಜಿ ಪೋರ್ಚುಗಲ್ಲಿನ ದ್ವೀಪದಿಂದ ಬರುವಾಗ ತಂದ ಸೂಪು. ಸೊಪ್ಪು, ಬೀನ್ಸು, ಖಾರದ ಸಾಸೇಜು. ಸಾಮಾನಿಗೆ ಇಬ್ಬರೂ ಅಂಗಡಿಗೆ ಹೋದೆವು. ಕ್ಯೂನಲ್ಲಿ ಹಿಂದಿದ್ದ ಹೆಂಗಸು ನಮ್ಮ ಅಂಗಿಯ ಬ್ಯಾಡ್ಜ್ ನೋಡಿದಳು. ಆಮೇಲೆ ಸಾಸೇಜು ನೋಡಿದಳು.

"ಊಟ ಜೋರಾಗಿದೆ. ನಮ್ಮ ಟ್ಯಾಕ್ಸಿನ ದುಡ್ಡಲ್ಲೋ?"

"ಇಲ್ಲಮ್ಮ, ನಾವೇ ತಲೆಗೆ ಆರು ಡಾಲರ್ ಹಾಕ್ತೀವಿ. ಬನ್ನಿ, ನಿಮಗೂ ಒಂದು ಬಟ್ಟಲು ಇಡ್ತೀವಿ," ಎಂದ ಮಾಂಡೋ.

ಆಕೆ ನಗಲಿಲ್ಲ. ಆಕೆಯ ಬುಟ್ಟಿಯಲ್ಲಿ ಒಂದು ಬ್ರೆಡ್ಡು, ಅರ್ಧ ಬೆಲೆಯ ಚೀಟಿ ಅಂಟಿಸಿದ ಮೊಟ್ಟೆ, ಬೆಕ್ಕಿನ ಡಬ್ಬಿ ಎರಡು.

ಹೊರಗೆ ಬಂದ ಮೇಲೆ ನಾನು ಗೊಣಗಿದೆ. ಮಾಂಡೋ ಬಿಡಲಿಲ್ಲ. "ಸಿಟ್ಟು ಯಾಕೋ ಗಿಲ್? ಆಕೆ ಮನೆ ತೆರಿಗೆ ಈ ವರ್ಷ ಮತ್ತೆ ಏರಿದೆ. ಗಿರಣಿ ಮುಚ್ಚಿದ ಮೇಲೆ ಊರಲ್ಲಿ ಕೊಡೋರಾದ್ರೂ ಯಾರಿದಾರೆ, ಇಂಥೋರೇ."

ಗಾಡಿ ಹತ್ತಲು ಮೂರೇ ಮೆಟ್ಟಿಲು. ಎರಡನೆಯದರಲ್ಲಿ ನಿಂತು ಉಸಿರು ತಗೊಂಡ.

ಮಾರ್ಚ್ 27

ಶ್ವಾಸಕೋಶದ ಕ್ಯಾನ್ಸರ್. ಅಲ್ಲಿಂದ ಮೂಳೆಗೂ ಹೋಗಿದೆಯಂತೆ.

ಮಾಂಡೋ ಜೀವಮಾನದಲ್ಲಿ ಒಂದು ಸಿಗರೇಟು ಸೇದಿದವನಲ್ಲ. ಇಪ್ಪತ್ಮೂರು ವರ್ಷ ಊರಿನ ಹೊಗೆ ಸೇದಿದ.

ಏಪ್ರಿಲ್ 3

ಚೀಫ್ ಬಂದು ವಿವರಿಸಿದರು. ಕಾಯಿಲೆ ಕೆಲಸದಿಂದಲೇ ಬಂದದ್ದು ಎಂದು ಕೌನ್ಸಿಲ್ ಒಪ್ಪಿದರೆ — ಪೂರ್ತಿ ಸಂಬಳ, ಚಿಕಿತ್ಸೆ. ಅವನಿಗೇನಾದರೂ ಆದರೆ ಹೆಂಡತಿ ಲಿಡಿಯಾಗೆ ಬದುಕಿರುವ ತನಕ ಪೆನ್ಷನ್. ಒಪ್ಪದಿದ್ದರೆ ಅದು ಅವನ ಸ್ವಂತ ಕಾಯಿಲೆ. ಸಿಕ್ ಲೀವ್ ಮೇ ಹತ್ತಕ್ಕೆ ಮುಗಿಯುತ್ತದೆ. ಆಮೇಲೆ ಏನೂ ಇಲ್ಲ. 22ಕ್ಕೆ ಸಭೆ. ಯೂನಿಯನ್ ಪರವಾಗಿ ಮಾತಾಡಬೇಕಾದವನು ಕಾರ್ಯದರ್ಶಿ. ಅಂದರೆ ನಾನು.

ಏಪ್ರಿಲ್ 12, ಮಧ್ಯಾಹ್ನ

ಮಾಂಡೋನ ಕೋಟು ಗೂಟದಲ್ಲಿ ಹಾಗೇ ನೇತಾಡುತ್ತಿದೆ. ಹಳದಿ ಬಣ್ಣದ್ದು ಅಂತ ಯಾರೂ ನಂಬಲಾರರು. ಒಂಬತ್ತು ವರ್ಷದ ಹಿಂದಿನ ಗಿರಣಿ ಬೆಂಕಿಯ ಮಸಿಯೂ ಅದರಲ್ಲಿದೆ. ನಮ್ಮಲ್ಲಿ ಕೋಟು ಕಪ್ಪಾದಷ್ಟೂ ಮರ್ಯಾದೆ. ಹೊಸದಾಗಿ ಸೇರಿದವರು ಯಾರಿಗೂ ಕಾಣದಂತೆ ತಮ್ಮ ಕೋಟನ್ನು ಸುಟ್ಟ ತೊಲೆಗೆ ಉಜ್ಜಿದ್ದುಂಟು. ನಾನೂ ಉಜ್ಜಿದ್ದೇನೆ.

ಸ್ಟೇಷನ್ನಿನಲ್ಲಿ ಒಗೆಯುವ ಯಂತ್ರವಿಲ್ಲ. ವರ್ಷಕ್ಕೆರಡು ಸಲ ಲಿಡಿಯಾ ಮನೆಗೆ ತರಿಸಿಕೊಂಡು ಒಗೆಯುತ್ತಿದ್ದಳು. "ಇದನ್ನ ಹಾಕಿದ ಮೇಲೆ ಮಕ್ಕಳ ಬಿಳಿ ಅಂಗಿಯೆಲ್ಲಾ ಬೂದಿ ಬಣ್ಣ ಕಣೋ," ಅಂತ ಮಾಂಡೋ ನಗುತ್ತಿದ್ದ. ನಾವೂ ನಗುತ್ತಿದ್ದೆವು.

ಕೋಟಿನ ಮಸಿಯೇ ಮೈಗೆ ಇಳಿಯುತ್ತದೆ ಅಂತ ಈಗ ಡಾಕ್ಟರ ಕಾಗದದಲ್ಲಿದೆ. ಮುಟ್ಟಿದವರಿಗೂ. ಸಭೆಗೆ ಇದನ್ನೇ ಒಯ್ಯುತ್ತೇನೆ. ಕಾಗದವನ್ನೂ, ಕೋಟನ್ನೂ.

ಏಪ್ರಿಲ್ 23, ಬೆಳಿಗ್ಗೆ 6

ನಿನ್ನೆಯದು ಬರೆಯಬೇಕು. ಬರೆಯಲು ಕೈ ಬರುತ್ತಿಲ್ಲ.

ಒಬ್ಬೊಬ್ಬರಿಗೆ ಮೂರು ನಿಮಿಷ, ಆಮೇಲೆ ಗಂಟೆ. ಅಂಗಡಿಯಲ್ಲಿ ಸಿಕ್ಕ ಹೆಂಗಸೇ ಮೊದಲು ಎದ್ದಳು. "ನಂಗೆ ಈ ಹುಡುಗರ ಮೇಲೆ ದ್ವೇಷ ಇಲ್ಲ. ಆದ್ರೆ ನಾನು ಎರಡು ಕೋಣೆ ಬೀಗ ಹಾಕಿ ಒಂದರಲ್ಲಿ ಹೀಟರ್ ಹಾಕ್ಕೊಂಡು ಬದುಕ್ತಿದೀನಿ. ಇನ್ನೂ ಎಷ್ಟು ಕೊಡ್ಲಿ ಹೇಳಿ?" ಚಪ್ಪಾಳೆ. ನಾನೂ ತಟ್ಟುತ್ತಿದ್ದೆನೇನೋ, ಕೈಯಲ್ಲಿ ಕೋಟಿತ್ತು.

ನನ್ನ ಸರದಿ. ಕೋಟನ್ನು ಮೇಜಿನ ಮೇಲೆ ಹಾಸಿದೆ. ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡರು. ಈ ಮಸಿ ಇಪ್ಪತ್ಮೂರು ವರ್ಷ ಅವನ ಕತ್ತಿಗೆ, ಕೈಗೆ, ಉಸಿರಿಗೆ ಹೇಗೆ ಹತ್ತಿತು ಅಂತ ಹೇಳಿದೆ. ಚೆನ್ನಾಗಿಯೇ ಹೇಳಿದೆ.

ಕೌನ್ಸಿಲ್ಲಿನ ಹಣಕಾಸು ಸಮಿತಿಯ ಅಧ್ಯಕ್ಷೆ ಮಿಸ್ ಲಾವಲೀ. ನನ್ನ ನಾಲ್ಕನೇ ಕ್ಲಾಸಿನ ಟೀಚರ್. ತಲೆಗೆ ಪ್ರಾಸದ ಹುಳ ಬಿಟ್ಟವರೇ ಅವರು. ಕನ್ನಡಕ ತೆಗೆದು ಒರೆಸಿದರು.

"ಗಿಲ್ಬರ್ಟ್, ನಾಲ್ಕು ವರ್ಷದ ಹಿಂದೆ ನಿಮ್ಮ ಒಪ್ಪಂದದ ಮಾತುಕತೆ ನಡೀತಲ್ಲ. ಕೋಟು ಒಗೆಯೋ ಮಷಿನ್ನು, ತಲೆಗೊಂದು ಎರಡನೇ ಕೋಟು — ನಾವು ಕೊಡ್ತೀವಿ ಅಂದಿದ್ವಿ. ಹೌದಾ?"

"ಹೌದು ಟೀಚರ್."

"ಬೇಡ ಅಂದೋರು ಯಾರು?"

"ಯೂನಿಯನ್ನು."

"ಯೂನಿಯನ್ ಪರವಾಗಿ ಆ ಕೋಣೆಯಲ್ಲಿ ಕೂತಿದ್ದೋರು?"

"...ನಾನು."

"ಬದಲಿಗೆ ಏನು ತಗೊಂಡ್ರಿ?"

"ಒಂದೂವರೆ ಪರ್ಸೆಂಟ್. ಸಂಬಳದಲ್ಲಿ."

ಅವರು ಫೈಲಿನಿಂದ ಒಂದು ಹಾಳೆ ತೆಗೆದರು. ಅವತ್ತಿನ ಕರಡಿನ ಅಂಚಿನಲ್ಲಿ ನಾನು ಗೀಚಿ ಎಲ್ಲರನ್ನೂ ನಗಿಸಿದ್ದೆ. ಓದಿದರು, ಕ್ಲಾಸಿನಲ್ಲಿ ಓದುತ್ತಿದ್ದಂತೆ, ಸ್ಪಷ್ಟವಾಗಿ:

ಒಗೆದ ಕೋಟು ಯಾರಿಗೆ ಬೇಕು? ಮಸಿಯೇ ನಮ್ಮ ಮಾನ
ಒಂದೂವರೆಯ ಸೇರಿಸಿ ಕೊಡಿ, ಹಾಡುವೆವು ಗುಣಗಾನ

ಯಾರೂ ನಗಲಿಲ್ಲ. ಗಂಟೆ ಹೊಡೆಯಿತು.

ಮತ: ಮುಂದೂಡಲು ನಾಲ್ಕು, ಬೇಡವೆಂದು ಮೂರು. ತೀರ್ಮಾನ ಜೂನ್ 17ಕ್ಕೆ, ಬಜೆಟ್ಟಿನ ಜೊತೆ. ಪೇಪರಿನವನು ಅಷ್ಟು ಹೊತ್ತಿಗೇ ಎದ್ದು ಹೋಗಿದ್ದ. ಅವನಿಗೆ ಬೇಕಾಗಿದ್ದು ಆ ಹೆಂಗಸಿನ ಮಾತು. ಲಿಡಿಯಾ ಆಸ್ಪತ್ರೆಯಲ್ಲಿದ್ದಳು, ಗಂಡನ ಹತ್ತಿರ. ಇಲ್ಲಿರಲಿಲ್ಲ. ಅದೊಂದೇ ಸಮಾಧಾನ ಅಂದುಕೊಂಡೆ. ಅಂದುಕೊಂಡದ್ದಕ್ಕೆ ನಾಚಿಕೆಯಾಯಿತು.

ಮೆಟ್ಟಿಲಿನಲ್ಲಿ ಟೀಚರ್ ಕಾದಿದ್ದರು. "ನಿನಗೆ ಅವಮಾನ ಮಾಡ್ಬೇಕು ಅಂತ ಕೇಳಿಲ್ಲ ಗಿಲ್ಬರ್ಟ್. ಊರಿನ ದುಡ್ಡು ನನ್ನ ಕೈಲಿದೆ. ಲೈಬ್ರರಿ ಶನಿವಾರ ಮುಚ್ಚಿಸಿದೋಳು ನಾನೇ. ಎಲ್ಲರನ್ನೂ ಕೇಳೋ ಪ್ರಶ್ನೆ ನಿನ್ನನ್ನೂ ಕೇಳಬೇಕಲ್ಲಪ್ಪ."

"ಸರಿಯಾಗೇ ಕೇಳಿದ್ರಿ ಟೀಚರ್," ಎಂದೆ.

ಕೋಟು ಹೊತ್ತು ಸ್ಟೇಷನ್ನಿಗೆ ಬಂದೆ. ಬೋರ್ಡ್ ಒರೆಸಿದೆ.

ಮೇ 11

ಸಿಕ್ ಲೀವ್ ಮುಗಿಯಿತು. ಮಾಂಡೋನ ಪಾಳಿಗಳನ್ನು ಹಂಚಿಕೊಂಡೆವು. ಅವನ ಬದಲು ನಾವು ನಿಂತರೆ ಅವನು ಕೆಲಸಕ್ಕೆ ಬಂದಂತೆ ಲೆಕ್ಕ. ಹಳೇ ಪದ್ಧತಿ, ಯಾರ ಅಪ್ಪಣೆಯೂ ಬೇಡ. ಡೂಲಿ ಐದು, ನಾನು ಆರು.

ಡೂಲಿ ಕೇಳಿದ: "ನೀನು ಒಂದು ಜಾಸ್ತಿ ಯಾಕೋ ತಗೊಂಡೆ?"

"ಹಂಗೇ."

ಕೇಳಿದವನು ಉತ್ತರ ಗೊತ್ತಿದ್ದೇ ಕೇಳಿದ. ಬೇರೆ ಕಡೆ ನೋಡಿದ.

ಮೇ 19, ಸಂಜೆ

ಮಾಂಡೋನ ಮನೆ. ಕಿಟಕಿಯ ಪಕ್ಕ ಮಂಚ ಹಾಕಿದ್ದಾರೆ. ಲಿಡಿಯಾ ಔಷಧಿ ತರಲು ಹೋಗಿದ್ದಳು. ಅವನೇ ಮಾತು ತೆಗೆದ.

"ಟೀಚರ್ ನಿನ್ನ ಕವಿತೆ ಓದಿದ್ರಂತೆ."

"ಡೂಲಿ ಬಾಯಿ..."

"ಲೋ, ಆ ಒಪ್ಪಂದಕ್ಕೆ ನಾನೂ ಕೈ ಎತ್ತಿದ್ದೆ ಕಣೋ. ಎರಡೂ ಕೈ ಎತ್ತಿದ್ದೆ. ಆ ಒಂದೂವರೆಯಲ್ಲೇ ದೊಡ್ಡವಳ ಕೊನೇ ವರ್ಷ ಮುಗೀತು."

"ನೀನು ಕೈ ಎತ್ತಿದ್ದು ನಾನು ಎತ್ತಿ ಅಂದಿದ್ದಕ್ಕೆ."

"ಹಂಗಂತ ಇಟ್ಕೋ, ನಿಂಗೆ ಅದೇ ಖುಷಿ ಅಂದ್ರೆ." ಉಸಿರು ಸಾಲದೆ ದಿಂಬಿಗೆ ಒರಗಿದ. "ಲಿಡಿಯಾಗೆ ಗೊತ್ತಿಲ್ಲ. ಮಷಿನ್ ಕೊಡ್ಲಿಲ್ಲ ಅಂತ ಊರನ್ನೇ ಬೈತಿದಾಳೆ, ದಿನಾ. ನಾನು ಹೇಳಬೇಕಿತ್ತು. ಆಗ್ಲಿಲ್ಲ. ನೀನು ಹೇಳ್ತೀಯಾ?"

"ಹೇಳ್ತೀನಿ."

"ಈಗ ಬೇಡ. ಆಮೇಲೆ."

ಬಾಗಿಲ ಸದ್ದಾಯಿತು. ಲಿಡಿಯಾ ಬಂದಳು. ಹವಾಮಾನದ ಮಾತಾಡಿದೆವು.

ಜೂನ್ 2

ಮಾಂಡೋ ಹೋದ. ಬೆಳಿಗ್ಗೆ 9.15. ಇವತ್ತು ಅವನ ಪಾಳಿ. ಅವನ ಬದಲು ನಾನಿದ್ದೆ.

ಜೂನ್ 6

ಗಾಡಿಯ ಮೇಲೆ ಪೆಟ್ಟಿಗೆ. ಮುಖ್ಯ ಬೀದಿಯ ಎರಡೂ ಕಡೆ ಜನ. ಅಂಗಡಿಯ ಹೆಂಗಸೂ ಇದ್ದಳು, ಟೋಪಿ ತೆಗೆದು ಎದೆಗೊತ್ತಿಕೊಂಡು. ಮಾಂಡೋನ ನಗುಮುಖ ಮೊದಲ ಪುಟದಲ್ಲಿ, ನಾಲ್ಕು ಕಾಲಂ. ತಲೆಬರಹದಲ್ಲಿ 'ಊರಿನ ವೀರ'. ಅದೇ ಪೇಪರ್.

ಜೂನ್ 17

ಏಳಕ್ಕೆ ಸೊನ್ನೆ. ಕಾಯಿಲೆ ಕೆಲಸದಿಂದಲೇ ಬಂದದ್ದು ಎಂದು ಒಪ್ಪಿದರು. ಲಿಡಿಯಾಗೆ ಪೆನ್ಷನ್. ಸ್ಟೇಷನ್ನಿಗೆ ಒಗೆಯುವ ಯಂತ್ರ, ತಲೆಗೊಂದು ಎರಡನೇ ಕೋಟು. ಸಂಬಳ ಏರಿಕೆ ಈ ವರ್ಷ ಇಲ್ಲ. ಲೈಬ್ರರಿ ಇನ್ನು ಶುಕ್ರವಾರವೂ ಇಲ್ಲ. ಚರ್ಚೆ ಹನ್ನೊಂದು ನಿಮಿಷ. ಟೀಚರ್ ಕೈ ಎತ್ತುವಾಗ ನನ್ನನ್ನು ನೋಡಲಿಲ್ಲ.

ಎರಡು ತಿಂಗಳ ಹಿಂದೆಯೇ ಒಪ್ಪಿದ್ದರೆ ಮಾಂಡೋ ಇದನ್ನು ಕಿವಿಯಾರೆ ಕೇಳುತ್ತಿದ್ದ.

ಲಿಡಿಯಾಗೆ ಇನ್ನೂ ಹೇಳಿಲ್ಲ.

ಜೂನ್ 20, ಮಧ್ಯಾಹ್ನ 3

ಲಿಡಿಯಾ ಸ್ಟೇಷನ್ನಿಗೆ ಬಂದಳು. ಎರಡು ಕೈಯಲ್ಲೂ ಚೀಲ. ಐಸ್‌ಕ್ರೀಮ್.

"ಅವನ ಫೋಟೋ ಬಂತಲ್ಲ ಪೇಪರಲ್ಲಿ. ತರದೆ ಇದ್ರೆ ಸುಮ್ನೆ ಬಿಡ್ತಾನಾ?" ಎಂದಳು. ಎಲ್ಲಾ ಕಾಫಿಯದೇ. ಎಂಟು ಡಬ್ಬಿ.

ಡೂಲಿ ಚಮಚ ಹಂಚಿದ. ಯಾರೂ ಬೇಡ ಎನ್ನಲಿಲ್ಲ. ಫ್ರೀಜರಿನ ಹಿಂದೆ ಮಾರ್ಚಿನ ಡಬ್ಬಿ ಇನ್ನೂ ಇತ್ತು, ಮುಚ್ಚಳದ ಮೇಲೆ ಮಾಂಡೋನ ಕೈಬರಹ — 'ಮುಟ್ಟಿದ್ರೆ ನೋಡಿ'. ಅದನ್ನು ಮುಟ್ಟಲಿಲ್ಲ.

ತಿಂದು ಬಟ್ಟಲು ತೊಳೆದಿಟ್ಟು ಲಿಡಿಯಾ ಗೂಟದ ಹತ್ತಿರ ಹೋದಳು. ಕೋಟಿನ ತೋಳು ಹಿಡಿದು ಮೂಸಿದಳು. ಮುಖವನ್ನೇ ಅದರೊಳಗೆ ಇಟ್ಟಳು.

"ಇದನ್ನ ಕೊಡ್ತೀರಾ? ಮನೆಗೆ ಒಯ್ತೀನಿ. ಒಂದ್ಸಲ ಚೆನ್ನಾಗಿ ಒಗೆದು, ಇಸ್ತ್ರಿ ಮಾಡಿ ಇಡ್ತೀನಿ. ಹೋದ ಚಳಿಗಾಲದಲ್ಲಿ ಒಗೆಯೋಕೆ ಆಗ್ಲಿಲ್ಲ."

ಉಳಿದವರು ಒಬ್ಬೊಬ್ಬರಾಗಿ ಗಾಡಿಯ ಕಡೆ ಹೋದರು. ಡೂಲಿ ಕೊನೆಯವನು. ಬಾಗಿಲು ಎಳೆದುಕೊಂಡು ಹೋದ.

"ಮನೇಲಿ ಒಗೀಬೇಡ ಲಿಡಿಯಾ. ಮುಟ್ಟಲೂಬೇಡ. ಒಳ್ಳೇದಲ್ಲ."

"ಇಪ್ಪತ್ತು ವರ್ಷದಿಂದ ಒಗೆದಿದೀನಲ್ಲೋ. ಇನ್ನೆಲ್ಲಿ ಒಗೀಲಿ? ಇವರು ಮಷಿನ್ನು ಕೊಟ್ಟಿದ್ರೆ ತಾನೆ..." ಎಂದಳು. ಅರ್ಧದಲ್ಲಿ ನನ್ನ ಮುಖ ನೋಡಿದಳು. "ಏನಾಯ್ತೋ ಗಿಲ್?"

ಕೋಟನ್ನು ಅವಳ ಕೈಯಿಂದ ಬಿಡಿಸಿಕೊಂಡೆ. ಮಸಿ ಅವಳ ಕೆನ್ನೆಗೆ ಹತ್ತಿತ್ತು. ಕೂತ್ಕೋ ಅಂದೆ. ಕೂತಳು. ನಾಲ್ಕು ವರ್ಷದ ಹಿಂದೆ ಒಂದು ಕೋಣೆಯಲ್ಲಿ, ಅಂತ ಶುರು ಮಾಡಿದೆ, ಅವರು ಕೊಡ್ತೀವಿ ಅಂದ್ರು ಲಿಡಿಯಾ, ಬೇಡ ಅಂದೋನು...