ಪಿತೃಪಕ್ಷದಲ್ಲಿ ಇಪ್ಪತ್ತೈದು ಇಂಚು

24 ಸೆಪ್ಟೆಂಬರ್ 2007, ಸೋಮವಾರ

ಟಿ.ವಿ.ಯಲ್ಲಿ ಚಿತ್ರ ಹೋಗಿದೆ. ಧ್ವನಿ ಇದೆ. ಸಂಜೆ 5.40ಕ್ಕೆ ಪೂರ್ವಿ ಕಚೇರಿಗೆ ಫೋನ್ ಮಾಡಿ ತಿಳಿಸಿದಳು. ಟ್ವೆಂಟಿ-ಟ್ವೆಂಟಿ ಫೈನಲ್ ಶುರುವಾಗಿ ಹತ್ತು ನಿಮಿಷ. ಅವಳ ಹಿಂದಿನಿಂದ ಅತ್ತೆಯ ದನಿ ಕೇಳಿಸಿತು: "ಆಕಿಗ್ಯಾಕ ಹೇಳ್ತೀ? ಆಕಿ ಬಂದು ಬ್ಯಾಟ್ ಹಿಡೀತಾಳೇನು?"

ಏಳಕ್ಕೆ ಮನೆಗೆ ಬಂದೆ. ಅಜ್ಜಿ ಮಂಚದ ಮೇಲೆ, ಮೊಮ್ಮಗಳು ನೆಲದ ಮೇಲೆ. ಇಬ್ಬರೂ ಕಪ್ಪು ಪರದೆಯನ್ನೇ ನೋಡುತ್ತಿದ್ದರು. ಆಫ್ ಮಾಡಲು ಹೋದೆ.

"ಇರಲಿ. ಕಿವಿ ಇನ್ನೂ ಛಲೋ ಅವ," ಎಂದರು ಅತ್ತೆ.

"ಅಜ್ಜಿ, ಔಟ್! ಅವನು ಔಟ್ ಆದ!"

"ನಂಗೂ ಕೇಳಸ್ತದವಾ."

ಭಾರತ ಐದು ರನ್ನಿನಿಂದ ಗೆದ್ದಿತು. ಓಣಿಯಲ್ಲಿ ಪಟಾಕಿ. ಅತ್ತೆ ಬಿ.ಪಿ. ಮಾತ್ರೆ ತೆಗೆದುಕೊಂಡು ಮಲಗಿದರು.

ಪಂದ್ಯ ಇದ್ದ ದಿನ ನನ್ನ ಗಂಡ ಋಷಿಕೇಶ್ ಕಚೇರಿಯಿಂದ ಬೇಗ ಬಂದು ತಾಯಿಯ ಜೊತೆ ಕೂರುತ್ತಿದ್ದರು. ಫೆಬ್ರುವರಿ 19ರಂದು ಕಚೇರಿಯಲ್ಲೇ ಕುಸಿದು ತೀರಿಕೊಂಡರು. ಇವತ್ತಿಗೆ ಏಳು ತಿಂಗಳು ಐದು ದಿನ.

25 ಸೆಪ್ಟೆಂಬರ್, ಮಂಗಳವಾರ

ಮೆಕ್ಯಾನಿಕ್ ಬಂದಿದ್ದ. ಪಿಕ್ಚರ್ ಟ್ಯೂಬ್ ಮುಗಿದಿದೆ. ಹನ್ನೊಂದು ವರ್ಷದ ಸೆಟ್, ಟ್ಯೂಬ್ ಹಾಕಿಸುವುದು ದಂಡ ಎಂದ. ಅವನ ಮಾತು ನಂಬುತ್ತೇನೆ. ಹಾಕಿಸಿದ್ದರೆ ಅವನಿಗೇ ಲಾಭವಿತ್ತು.

ರಾತ್ರಿ ಎಂಟಕ್ಕೆ ಧಾರವಾಡದಿಂದ ಮೈದುನ ಬದರಿನಾಥರ ಫೋನ್. 13ಕ್ಕೆ ಇಲ್ಲಿಗೆ ಬರುತ್ತಾರೆ. 15ರ ಅಮರಾವತಿ ಎಕ್ಸ್‌ಪ್ರೆಸ್‌ಗೆ ಹೌರಾದಿಂದ ಎರಡು ಟಿಕೆಟ್ ಮಾಡಿಸಿದ್ದಾರೆ. ಒಂದು ಅವರಿಗೆ, ಒಂದು ಅತ್ತೆಗೆ. ಅತ್ತೆಗೆ ಇನ್ನು ಅಲ್ಲೇ ಇರುವುದು ಅನುಕೂಲ ಎಂದು ಅವರ ಅಭಿಪ್ರಾಯ. ಅತ್ತೆ ಫೋನಿನಲ್ಲಿ "ನೋಡೋಣಂತ" ಎಂದರು. ಅಷ್ಟೇ.

ಅವರು ಹೋಗುವುದು ನನಗೆ ಬೇಡ. ಇಲ್ಲಿ ಬರೆದಿದ್ದೇನೆ, ಬಾಯಲ್ಲಿ ಹೇಳಿಲ್ಲ. ಮಗ ಇಲ್ಲದ ಮನೆಯಲ್ಲಿ ಅವನ ತಾಯಿಯನ್ನು ಯಾವ ಆಧಾರದ ಮೇಲೆ ಇರಿಸಿಕೊಳ್ಳುವುದು… ಗೊತ್ತಿಲ್ಲ.

13ರೊಳಗೆ ಟಿ.ವಿ. ತರಬೇಕು. ಟಿ.ವಿ. ಬಂದರೆ ಅವರು ಉಳಿಯುತ್ತಾರೆ ಎನ್ನುವುದಕ್ಕೂ ಆಧಾರವಿಲ್ಲ. ಮಿತಿ — ಹನ್ನೆರಡು ಸಾವಿರ.

26 ಸೆಪ್ಟೆಂಬರ್, ಬುಧವಾರ

ಮಂಚದ ತಲೆದಿಂಬಿನಿಂದ ಗೋಡೆಗೆ ಎಂಟು ಅಡಿ ಎರಡು ಇಂಚು. ಬೆಳಿಗ್ಗೆ ಟೇಪ್ ಹಿಡಿದು ಅಳೆದೆ. ಅತ್ತೆಗೆ ಒಂದು ಕಣ್ಣಿನ ಪೊರೆ ತೆಗೆದಿದೆ, ಇನ್ನೊಂದರದು ಬಾಕಿ. ಮೂಲೆಯಲ್ಲಿ ಬರುವ ಸ್ಕೋರ್ ಓದಲು ಬರಬೇಕು. ನೋಡಬೇಕಾದ್ದು ಅದೊಂದೇ.

ಕಚೇರಿ ಬಿಟ್ಟು ಗರಿಯಾಹಾಟ್ ಪೇಟೆ. ದುರ್ಗಾಪೂಜೆಯ ಖರೀದಿಗೆ ಬಂದ ಜನ. ಫುಟ್‌ಪಾತಿನಲ್ಲಿ ಕಾಲಿಡಲು ಜಾಗವಿಲ್ಲ. ಅಂಗಡಿಯ ಬಿಶ್ವಾಸ್‌ಬಾಬು ಎಲ್ಲ ಸೆಟ್ಟಿನಲ್ಲೂ ಒಂದೇ ಸಿ.ಡಿ. ಹಾಕಿದ್ದರು: ಸಮುದ್ರದ ಮೀನು. ಮೀನು ಯಾವ ಸೆಟ್ಟಿನಲ್ಲಾದರೂ ಚೆನ್ನಾಗಿಯೇ ಕಾಣುತ್ತದೆ. ನ್ಯೂಸ್ ಚಾನೆಲ್ ಹಾಕಿ ಎಂದೆ. ನೆಲದ ಟೈಲ್ ಒಂದೊಂದು ಅಡಿ. ಎಂಟು ಎಣಿಸಿ ಹಿಂದಕ್ಕೆ ಹೋಗಿ ನಿಂತೆ.

"ದೀದಿ, ಟಿ.ವಿ. ಲೇಂಗೇ ಯಾ ಜಮೀನ್?" ಎಂದರು ಬಿಶ್ವಾಸ್‌ಬಾಬು. ಕೊಳ್ಳುವುದು ಟಿ.ವಿ.ಯೋ ಜಮೀನೋ ಎಂದು ಪಕ್ಕದ ಗಿರಾಕಿಗಳೂ ನಕ್ಕರು.

21 ಇಂಚು, ಫ್ಲಾಟ್: ಕೆಳಗೆ ಓಡುವ ಸುದ್ದಿ ಓದಬಹುದು, ಕಣ್ಣು ಕಿರಿದು ಮಾಡಬೇಕು. ನನ್ನ ಕಣ್ಣು ಸರಿಯಿದೆ; ಅತ್ತೆಗೆ ಆಗದು. ಇಸ್ತ್ರಿಪೆಟ್ಟಿಗೆ ಉಚಿತ.
29: ದರ ಮಿತಿಯ ಬಹಳ ಆಚೆ. ಟಿ.ವಿ. ಇಡುವ ನಮ್ಮ ಕಟ್ಟೆಗೂ ಅಗಲ ಹೆಚ್ಚು.
25: ಆರಾಮವಾಗಿ ಓದಿದೆ. ಪರದೆ ಸ್ವಲ್ಪ ಉಬ್ಬು, ಹಳೆಯ ಮಾದರಿ. ಹನ್ನೆರಡು ಸಾವಿರದ ಎಂಟುನೂರು, ಮಿತಿಗಿಂತ ಎಂಟುನೂರು ಹೆಚ್ಚು. ಕಡಿಮೆ ಮಾಡಲಿಲ್ಲ.

ಮನೆಗೆ ಬಂದು ಅತ್ತೆಗೆ ವರದಿ ಒಪ್ಪಿಸಿದೆ. ಅವರು ಸೊಪ್ಪು ಬಿಡಿಸುತ್ತಿದ್ದರು.

"ನಾಳಿಂದ ಪಕ್ಷ. ಹದಿನೈದು ದಿನ ಮನಿಗೆ ಹೊಸಾ ವಸ್ತು ಬರಬಾರದು. ನಿಮ್ಮ ಮೈಸೂರಾಗ ಇದೆಲ್ಲ ಇಲ್ಲೇನು?"

"ಇದೆ, ಅತ್ತೆ."

"ಮತ್ತ?"

"ಹನ್ನೆರಡನೇ ತಾರೀಖು ತರಿಸ್ತೀನಿ. ನವರಾತ್ರಿ ಶುರುವಾಗತ್ತೆ."

"ತರಸು. ನಾ ಹೋಗೋ ಮುಂದ ಪೆಟ್ಟಿಗ್ಯಾಗಿನ ಥರ್ಮೋಕೋಲ್‌ರ ನೋಡಿ ಹೋಗ್ತೀನಿ."

ಹೋಗೋ ಮುಂದ ಎಂದರು. ಹಾಗಾದರೆ ತೀರ್ಮಾನ ಆಗಿದೆ. ಸೊಪ್ಪು ತೊಳೆದಿಟ್ಟೆ.

28 ಸೆಪ್ಟೆಂಬರ್, ಶುಕ್ರವಾರ

ಅಂಗಡಿಗೆ ಫೋನ್ ಮಾಡಿದೆ. 11ರಿಂದ 23ರವರೆಗೆ ಡೆಲಿವರಿ ಇಲ್ಲ. ನಮ್ಮ ಢಾಕುರಿಯಾ ಕಡೆ ಓಣಿ ಓಣಿಗೂ ಪೂಜೆಯ ಪೆಂಡಾಲ್, ಗಾಡಿ ನುಗ್ಗುವುದಿಲ್ಲ. ಬಿಶ್ವಾಸ್‌ಬಾಬುಗೆ ಪಕ್ಷದ ವಿಷಯ ಹೇಳಿದೆ. ಗೌರವದಿಂದ ಕೇಳಿಸಿಕೊಂಡರು. ಈ ಹದಿನೈದು ದಿನದಲ್ಲೇ ತಮ್ಮ ಅರ್ಧ ವರ್ಷದ ವ್ಯಾಪಾರ ಎಂದರು.

ಪಕ್ಷ ಮುಗಿಯುವುದು 11ಕ್ಕೆ. ಟಿಕೆಟ್ 15ಕ್ಕೆ. ನಡುವೆ ಗಾಡಿ ಇಲ್ಲ.

29 ಸೆಪ್ಟೆಂಬರ್, ಶನಿವಾರ

ಬೆಂಗಳೂರಿನಲ್ಲಿ ಆಸ್ಟ್ರೇಲಿಯಾ ಜೊತೆಗಿನ ಪಂದ್ಯ ಮಳೆಯಿಂದ ಅರ್ಧಕ್ಕೇ ನಿಂತಿತು. ರೇಡಿಯೋದಲ್ಲಿ ಕೇಳಿ ಅತ್ತೆ ಹೇಳಿದರು: "ಅಲ್ಲಿ ಮಳಿ, ಇಲ್ಲಿ ಕತ್ತಲ. ಸರಿಹೋತು."

ಪೂರ್ವಿ ನಕ್ಕಳು. ನನಗೆ ನಗು ಬರಲಿಲ್ಲ. ಬರಬೇಕಿತ್ತು ಎಂದು ಗೊತ್ತಾಯಿತು.

6 ಅಕ್ಟೋಬರ್, ಶನಿವಾರ

ಒಂದು ವಾರ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ. ಅತ್ತೆ ಪೆಟ್ಟಿಗೆಯಿಂದ ಸೀರೆ ತೆಗೆದು ಬಿಸಿಲಿಗೆ ಹಾಕಿದ್ದಾರೆ.

ಇವತ್ತು ಅವರ ಕಣ್ಣು ತೋರಿಸಲು ಗರಿಯಾಹಾಟಿಗೆ ಹೋಗಿದ್ದೆವು. ಎರಡನೇ ಕಣ್ಣಿಗೆ ಚಳಿಗಾಲ ಕಳೆದ ಮೇಲೆ ಆಪರೇಷನ್ ಎಂದರು ಡಾಕ್ಟರ್. "ಆವಾಗ ನಾ ಎಲ್ಲಿರ್ತೀನೋ," ಎಂದರು ಅತ್ತೆ ಕನ್ನಡದಲ್ಲಿ. ಡಾಕ್ಟರಿಗೆ ತಿಳಿಯಲಿಲ್ಲ. ನಾನು ಅನುವಾದಿಸಲಿಲ್ಲ.

ಬರುವಾಗ ಬಿಶ್ವಾಸ್‌ಬಾಬುವಿನ ಅಂಗಡಿಯ ಮುಂದೆ ಜನ. ಒಳಗೆ ನಿನ್ನೆಯ ಹೈದರಾಬಾದ್ ಪಂದ್ಯದ ಹೈಲೈಟ್ಸ್. ಅತ್ತೆ ಕೋಲೂರಿ ನೇರ ಒಳಗೆ ಹೋಗಿ ಮೂಲೆಯ 25 ಇಂಚಿನ ಮುಂದೆ ನಿಂತರು. ಹತ್ತಿರ ಹೋಗಲಿಲ್ಲ. ಹಿಂದೆ ಸರಿದು, ಸರಿದು, ಫ್ರಿಜ್ಜಿಗೆ ಬೆನ್ನು ತಾಗಿಸಿ ನಿಂತು ಸ್ಕೋರ್ ಗಟ್ಟಿಯಾಗಿ ಓದಿದರು. ಸರಿಯಾಗಿತ್ತು. ಆಮೇಲೆ ತಮ್ಮ ಹಿಂದಿಯಲ್ಲಿ ಕೇಳಿದರು:

"ಯೇ ಟಿ.ವಿ. ಇಧರ್ ಕಿತನಾ ದಿನಸೇ ಚಾಲೂ ಹೈ?"

"ಏ ತೋ ಡಿಸ್‌ಪ್ಲೇ ಪೀಸ್, ಮಾಸೀಮಾ. ಏಕ್ ಸಾಲ್. ಸುಬಹ ಸೇ ರಾತ್."

ಅತ್ತೆ ನನ್ನ ಕಡೆ ತಿರುಗಿದರು. "ಕೇಳಿದ್ಯಾ?"

"ಕೇಳಿದೆ."

"ವರ್ಷ ಓಡೇದ. ಊರ ಮಂದಿ ನೋಡ್ಯಾರ. ಇದು ಹೊಸಾದು ಹೆಂಗ ಆಗ್ತದ?"

ಯೋಚಿಸಿದೆ. ಹೊಸದಲ್ಲ. ವಾಸ್ತವವಾಗಿ ಹೊಸದಲ್ಲ.

ಬಿಶ್ವಾಸ್‌ಬಾಬು ಡಿಸ್‌ಪ್ಲೇ ಪೀಸ್ ಮಾರಲು ಮನಸ್ಸು ಮಾಡಲಿಲ್ಲ, ಗೋದಾಮಿನಲ್ಲಿ ಸೀಲ್ ಒಡೆಯದ ಪೆಟ್ಟಿಗೆ ಇದೆ ಎಂದರು. ಸೀಲ್ ಒಡೆಯದ್ದೇ ನಮಗೆ ತೊಂದರೆ ಎಂದು ಹೇಳಿ ಅರ್ಥಮಾಡಿಸಲು ಕಾಲು ಗಂಟೆ ಹಿಡಿಯಿತು. "ಚಾಲೀಸ್ ಸಾಲ್ ದುಕಾನ್ ಕಿಯಾ, ಪುರಾನಾ ಮಾಂಗ್ನೇವಾಲಾ ಪಹಲಾ ಕಸ್ಟಮರ್," ಎಂದು ತಮ್ಮ ಹುಡುಗರಿಗೆ ಹೇಳಿದರು: ನಲವತ್ತು ವರ್ಷದಲ್ಲಿ ಹಳೆಯದು ಬೇಕೆಂದ ಮೊದಲ ಗಿರಾಕಿ ನಾವೇ ಅಂತೆ. ಕೊನೆಗೆ ಹತ್ತೂವರೆ ಸಾವಿರ. ಪೆಟ್ಟಿಗೆ ಇಲ್ಲ, ಇಸ್ತ್ರಿಪೆಟ್ಟಿಗೆ ಇಲ್ಲ. ಗ್ಯಾರಂಟಿ ಒಂದು ವರ್ಷ, ಬಿಲ್ ದಿನದಿಂದ. ಒಂದು ದೋಷ ತೋರಿಸಿಯೇ ಕೊಟ್ಟರು: ಯಾವಾಗಲೂ ಒಂದೇ ಚಾನೆಲ್ ಓಡಿಸಿ, ಬಲಗಡೆ ಮೇಲಿನ ಮೂಲೆಯಲ್ಲಿ ಅದರ ಗುರುತು ಮಸುಕಾಗಿ ಅಚ್ಚಾಗಿದೆ.

"ಕಲಿ ಬಿದ್ದದ," ಎಂದೆ ಅವರ ಮಾತಿನಲ್ಲೇ, ಯಾಕೋ.

"ಇರಲಿ. ಹಳೇದಂಬೋದಕ್ಕ ಸಾಕ್ಷಿ."

ಅವರಿಗೆ ಟಿ.ವಿ. ಬೇಕು ಎನ್ನುವುದು ಖಚಿತ. ಒಂಬತ್ತು ದಿನಕ್ಕೆ ಬೇಕೋ, ಹೆಚ್ಚಿಗೆ ಬೇಕೋ — ಹೇಳಲಿಲ್ಲ. ನಾನೂ ಕೇಳಲಿಲ್ಲ. ಆಟೋದಲ್ಲಿ ಇಡೀ ದಾರಿ ಬಿಲ್ ಹಿಡಿದುಕೊಂಡು ಕೂತಿದ್ದೆ.

7 ಅಕ್ಟೋಬರ್, ಭಾನುವಾರ

11.15ಕ್ಕೆ ಸೈಕಲ್ ವ್ಯಾನಿನಲ್ಲಿ ಸೆಟ್ ಬಂತು, ಚಾದರ ಸುತ್ತಿಕೊಂಡು. ಪೂರ್ವಿ ಕುಂಕುಮದ ಬಟ್ಟಲು ತಂದಳು.

"ಹಳೇದಕ್ಕ ಯಾರರ ಕುಂಕುಮ ಹಚ್ತಾರೇನು? ಒಳಗಿಡು," ಎಂದರು ಅತ್ತೆ.

ಚಿತ್ರ ಚೆನ್ನಾಗಿದೆ. ಧ್ವನಿ ಸ್ವಲ್ಪ ಮಂದ. ಮಂಚದಿಂದ ಸ್ಕೋರ್ ಕಾಣುತ್ತದೆ. ಬಿಸಿಲಿಗೆ ಹಾಕಿದ್ದ ಸೀರೆಗಳು ಮಡಿಸಿ ಪೆಟ್ಟಿಗೆಯ ಮೇಲಿವೆ. ಪೆಟ್ಟಿಗೆಯ ಒಳಗಿಲ್ಲ, ಬೀರುವಿನಲ್ಲೂ ಇಲ್ಲ.

13 ಅಕ್ಟೋಬರ್, ಶನಿವಾರ

ಬದರಿನಾಥ್ ಬಂದರು. ಪೇಢಾ, ಜೋಳದ ಹಿಟ್ಟು, ಎರಡು ಟಿಕೆಟ್. ಅಲ್ಲಿ ಅತ್ತೆಗೆ ಪ್ರತ್ಯೇಕ ಕೋಣೆ ಮಾಡಿಸಿದ್ದಾರಂತೆ. ಒಳ್ಳೆಯವರು. ತಪ್ಪು ಹುಡುಕಿ ನೋಡಿದೆ, ಸಿಗಲಿಲ್ಲ.

14 ಅಕ್ಟೋಬರ್, ಭಾನುವಾರ

ನಾಗಪುರದಲ್ಲಿ ಭಾರತ ಸೋತಿತು. ತಾಯಿ, ಮಗ, ಪೂರ್ವಿ ಮೂವರೂ ನೋಡಿದರು. ನಾನು ಚಹಾ ಕೊಡಲು ಬಂದಾಗ ಜಾಹೀರಾತು ನಡೆಯುತ್ತಿತ್ತು. ಬದರಿನಾಥ್ ಹೇಳಿದರು:

"ಅವ್ವಾ, ಇವತ್ತರ ಸಾಮಾನು ಕಟ್ಟಬೇಕಲ್ಲ. ವೈನಿ, ನೀವರ ಹೇಳ್ರಿ ಅವ್ವಗ. ನಿಮಗೂ ಹಗುರಾಗ್ತದ."

"ಆಕಿ ಏನ್ ಹೇಳ್ತಾಳೋ. ಸಾರಿಗೆ ಉಪ್ಪು ಹೆಚ್ಚಾತಂದ್ರೂ ಹೂಂ, ಕಡಿಮಿ ಆತಂದ್ರೂ ಹೂಂ. ಏಳು ತಿಂಗಳಾತು. ನಾ ಇಲ್ಲಿ ಇದ್ದೀನೋ ಇಲ್ಲೋ, ಆಕಿಗೆ ಗೊತ್ತದನೋ ಇಲ್ಲೋ."

ಟ್ರೇ ಕೈಯಲ್ಲೇ ಇತ್ತು. ಮೂರು ಲೋಟ.

"ಹೋಗಬೇಡಿ," ಎಂದೆ.

"ಏನಂದಿ?"

"ಇಲ್ಲೇ ಇರಿ, ಅತ್ತೆ. ನನಗೆ ಬೇಕು."

ಬದರಿನಾಥ್ ನನ್ನ ನೋಡಿದರು. ಪೂರ್ವಿ ನೋಡಿದಳು. ಅತ್ತೆ ಚಹಾ ತೆಗೆದುಕೊಂಡರು. ಜಾಹೀರಾತು ಮುಗಿಯಿತು.

"ಅಡ್ಡ ನಿಂತೀ. ಸರೀಕ," ಎಂದರು.

ಸರಿದೆ. ಅಡುಗೆಮನೆಗೆ ಬಂದು ಕುಕ್ಕರ್ ಇಟ್ಟೆ. ಎದೆ ಹೊಡೆದುಕೊಳ್ಳುತ್ತಿತ್ತು. ಬಹಳ ದಿನದ ಮೇಲೆ.

15 ಅಕ್ಟೋಬರ್, ಸೋಮವಾರ. ಬೆಳಿಗ್ಗೆ 6.10

ಇವತ್ತಿನ ಗಾಡಿಗೆ ಬದರಿನಾಥ್ ಒಬ್ಬರೇ ಹೋಗುತ್ತಾರೆ. ಅತ್ತೆ ರಾತ್ರಿ ಅವರಿಗೆ ಹೇಳಿದರಂತೆ. ನನಗೆ ಅವರು ಈಗ ಹೇಳಿದರು. ಅತ್ತೆ ಇನ್ನೂ ಎದ್ದಿಲ್ಲ.

ಫೇರ್ಲಿ ಪ್ಲೇಸಿನ ರೈಲ್ವೆ ಕೌಂಟರ್ ಎಂಟಕ್ಕೆ ತೆರೆಯುತ್ತದೆ. ಒಂದು ಬರ್ತ್ ರದ್ದು ಮಾಡಿಸುವುದು.