ಖಾಲಿ ಬಿಟ್ಟ ಸಾಲು

ಮಾರ್ಚ್ 3, ಸೋಮವಾರ. ಬೆಳಿಗ್ಗೆ ಹತ್ತೂವರೆ, ಕಾರಲ್ಲಿ

ಹಾಂ, ಆನ್ ಆಯ್ತು. ಎರಡನೇ ಸ್ಟೂಡೆಂಟ್ ಈಗಷ್ಟೇ ಇಳಿದು ಹೋದ್ರು. ಬ್ಯಾಂಕ್ ಮೇಡಂ. ಇವತ್ತೂ ರಿವರ್ಸಲ್ಲಿ ಕಸದ ಡಬ್ಬಿಗೆ ಮುತ್ತು ಕೊಟ್ರು. "ಸರ್, ಡಬ್ಬೀನೇ ಮುಂದೆ ಬಂತು" ಅಂತೆ. ಇಪ್ಪತ್ತು ವರ್ಷದಿಂದ ಡ್ರೈವಿಂಗ್ ಕಲಿಸ್ತಿದೀನಿ, ನಡೆದು ಬರೋ ಡಬ್ಬಿ ಕಂಡಿಲ್ಲ.

ಮೂರನೆಯವರು ಬರೋ ತನಕ ಏನು ಮಾಡ್ಲಿ? ಸುಮ್ನೆ ಕೂತ್ರೆ ನಾಲಿಗೆ ತುರಿಸುತ್ತೆ. ಅದಕ್ಕೇ ಈ ಫೋನ್ ಜೊತೆ ಹರಟೆ. ಮನೇಲಿ ನನಗೆ ರೇಡಿಯೋ ಅಂತಾನೇ ಹೆಸರು.

ಅಮ್ಮಂದು ಒಂದು ಕೆಲಸ ಬಂದಿದೆ. ಲೈಬ್ರರಿ ಮಹಡಿ ಮೇಲೆ ಸಂಜೆ ಸಾಹಿತ್ಯದ ಕ್ಲಾಸ್ ಇದೆಯಲ್ಲ, ಎಪ್ಪತ್ತಮೂರನೇ ವಯಸ್ಸಲ್ಲಿ ಅದಕ್ಕೆ ಸೇರ್ಕೊಂಡಿದಾಳೆ. ಹೋದ ವರ್ಷ ಸ್ಟ್ರೋಕ್ ಆದಮೇಲೆ ಬಲಗೈ ಪೆನ್ ಹಿಡಿಯಲ್ಲ. ಮಾತೂ ತಡವಾಗಿ ಬರುತ್ತೆ. ತಲೆ ಮಾತ್ರ ನನಗಿಂತ ಚುರುಕು. ಈಗ ಒಂದು ಪದ್ಯದ ಮೇಲೆ, ಸಾಲು ಸಾಲು ಹಿಡಿದು, ವಿಮರ್ಶೆ ಬರೆದು ಕೊಡ್ಬೇಕಂತೆ. ಟೀಚರ್ ನನ್ನನ್ನ ಪಕ್ಕಕ್ಕೆ ಕರೆದು, "ಅಮ್ಮ ಹೇಳ್ಲಿ, ನೀವು ಬರೀರಿ. ಅವರು ಹೇಳಿದ್ದಷ್ಟೇ" ಅಂದ್ರು.

ಅದರಲ್ಲೇನು ಕಷ್ಟ? ಬರೆದ್ರಾಯ್ತು.

ಮಾರ್ಚ್ 4, ಮಂಗಳವಾರ. ಸಂಜೆ

ಮುಗೀತು! ಎರಡು ಪುಟ, ಒಂದೇ ಏಟಿಗೆ.

ಪದ್ಯ ನನಗೂ ಬಾಯಿಪಾಠ ಆಗೋಗಿದೆ. ಇಷ್ಟೇ ಇಷ್ಟು —

ಒಂದೇ ಸಲ ತಟ್ಟಿದೆ.
'ಬಂದೆ' ಎಂದೆ ನೀನು, ಒಳಗಿಂದ.

ಬಾಗಿಲ ಬಣ್ಣ ನೋಡಿದೆ,
ಹಿಡಿಕೆಯ ಸುತ್ತ ಸವೆದದ್ದು ನೋಡಿದೆ.
ಹೆಜ್ಜೆ. ಗೋಡೆ. ಮತ್ತೆ ಹೆಜ್ಜೆ.
'ಬೇಗ ಬಂದೆಯಲ್ಲ' ಎಂದೆ ನಾನು.

ಎರಡನೇ ಸಾಲಾದಮೇಲೆ ಒಂದು ಸಾಲು ಖಾಲಿ ಬಿಟ್ಟಿದಾರೆ. ಪ್ರಿಂಟಿಂಗ್ ಪ್ರೆಸ್ಸಿನವರ ಕೆಲಸ ಇರ್ಬೇಕು ಅನ್ಕೊಂಡೆ.

ಅಡುಗೆಮನೆ ಟೇಬಲ್ ಮುಂದೆ ಕೂತ್ವಿ. ಒಂದು ಪದಾನೂ ತಪ್ಪಬಾರದು ಅಂತ ಫೋನಲ್ಲೂ ರೆಕಾರ್ಡಿಗೆ ಹಾಕಿದ್ದೆ. ಅಮ್ಮ "ಗೋಡೆ..." ಅಂದ್ಲು. ಇಬ್ಬರ ನಡುವೆ ಇರೋ ಗೋಡೆ ಅಂತ ಬರೆದೆ. "ಕೊನೇ ಸಾಲು..." ಅಂದ್ಲು. ಬಾಗಿಲು ತೆಗೆಯೋಕೆ ಇಷ್ಟು ಹೊತ್ತು ಮಾಡಿ, ಆಮೇಲೆ ಬೇಗ ಬಂದೆ ಅಂದ್ರೆ ಏನು? ಚುಚ್ಚುಮಾತು. ವ್ಯಂಗ್ಯ ಅಂತ ಬರೆದೆ. "ಸರಿನಾಮ್ಮ?" ಅಂದೆ. "ಸರಿ" ಅಂದ್ಲು. ಪಾಪ, ಸುಸ್ತಾಗಿತ್ತು.

ನಾವಿಬ್ರೂ ಒಳ್ಳೆ ಜೋಡಿ.

ಮಾರ್ಚ್ 7, ಶುಕ್ರವಾರ. ಕ್ಲಾಸ್ ಮುಗಿದಮೇಲೆ

ಅಮ್ಮ ಮಲಗಿದಾಳೆ. ಬಾಲ್ಕನೀಲಿ ನಿಂತು ಮಾತಾಡ್ತಿದೀನಿ. ಮೆಲ್ಲಗೆ.

ಟೀಚರ್ ನಮ್ಮ ವಿಮರ್ಶೆ ಕ್ಲಾಸಲ್ಲೇ ಓದಿದ್ರು. ಓದಿ, ಕನ್ನಡಕ ತೆಗೆದು ಇಟ್ರು. "ಅಮ್ಮಾ, ಕೊನೇ ಸಾಲಲ್ಲಿ ವ್ಯಂಗ್ಯ ಇದೆ ಅಂತ ಬರೆದಿದೀರ. ನಿಮಗೆ ಅದು ಎಲ್ಲಿ ಕಾಣ್ಸ್ತು?" ಅಂತ ಕೇಳಿದ್ರು. ಬೈಯ್ದಿದ್ದಲ್ಲ. ನಿಜವಾಗ್ಲೂ ಕೇಳಿದ್ದು. ಅಮ್ಮ ಎದ್ದು ನಿಂತ್ಲು. ಬೆಂಚ್ ಹಿಡ್ಕೊಂಡು. "ಅದು... ಅದು..." ಯಾರಿಗೂ ಅವಸರ ಇರ್ಲಿಲ್ಲ. ಅವಸರ ಇದ್ದಿದ್ದು ಹಿಂದಿನ ಬೆಂಚಲ್ಲಿ ಕೂತಿದ್ದ ಈ ಮಹಾನುಭಾವನಿಗೆ. ನಾನೇ ಎದ್ದು ಗಟ್ಟಿಯಾಗಿ ಹೇಳ್ಬಿಟ್ಟೆ, "ಲೇಟಾಗಿದ್ದಕ್ಕೆ ಸಿಟ್ಟು ಮೇಡಂ!"

ಅಮ್ಮ ಕೂತ್ಲು. ಎಡಗೈಯಲ್ಲೇ ಪುಸ್ತಕ ಬ್ಯಾಗಿಗೆ ಹಾಕಿ ಜಿಪ್ ಎಳೆದ್ಲು. ಜಿಪ್ ಅರ್ಧಕ್ಕೆ ಸಿಕ್ಕಾಕೊಂಡ್ತು. ಎಳೀತಾನೇ ಇದ್ಲು.

ಹೊರಡುವಾಗ ಟೀಚರ್ ಹೇಳಿದ್ರು, "ಬರವಣಿಗೆ ಚೆನ್ನಾಗಿದೆ. ಆದ್ರೆ ಇದರಲ್ಲಿ ಅಮ್ಮ ಇಲ್ಲ. ಮುಂದಿನ ಶುಕ್ರವಾರ ತನಕ ಟೈಮ್ ಕೊಡ್ತೀನಿ."

ಕಾರಲ್ಲಿ ಅಮ್ಮ ಹೇಳಿದ್ದು ಮೂರೇ ಪದ. "ಇನ್ನು... ಕ್ಲಾಸ್... ಬೇಡ."

ಮಾರ್ಚ್ 12, ಬುಧವಾರ. ಮಧ್ಯಾಹ್ನ, ಕಾರಲ್ಲಿ

ಇಷ್ಟು ದಿನ ರೆಕಾರ್ಡ್ ಮಾಡ್ಲಿಲ್ಲ. ಏನು ಅಂತ ಮಾಡ್ಲಿ.

ಅಮ್ಮ ಬ್ಯಾಗ್ ಮುಟ್ಟಿಲ್ಲ. ಸಮಾಧಾನ ಮಾಡ್ದೆ, ಗದರಿದೆ, ಜೋಕ್ ಹೇಳಿದೆ. ಎಲ್ಲದಕ್ಕೂ "ಸರಿ". ಆಸ್ಪತ್ರೆಯಿಂದ ಬಂದಮೇಲೆ ಅವಳು ತಾನಾಗೇ ಬೇಕು ಅಂತ ಕೇಳಿದ್ದು ಇದೊಂದೇ, ಈ ಕ್ಲಾಸ್. ಇದೂ ಹೋದ್ರೆ ಬೆಳಿಗ್ಗೆಯಿಂದ ಸಂಜೆ ತನಕ ಕಿಟಕಿ ಪಕ್ಕದ ಕುರ್ಚಿ ಮೇಲೆ... ಬೇಡ, ಅದನ್ನ ನೆನೆಸ್ಕೊಳ್ಳಲ್ಲ.

ಈಗ ಊಟಕ್ಕೆ ಗಾಡಿ ನಿಲ್ಲಿಸಿದ್ದೆ. ವಿಮರ್ಶೆ ಬರೆದ ದಿನದ ರೆಕಾರ್ಡಿಂಗ್ ಹಾಕ್ದೆ. ಅಮ್ಮ ಏನು ಹೇಳಿದ್ಲು ಅಂತ ಕೇಳೋಣ ಅಂತ.

ಬರೀ ನಾನು. ಶುರುವಿಂದ ಕೊನೇ ತನಕ ನಾನೇ. ಅಮ್ಮ "ಗೋಡೆ..." ಅಂತಾಳೆ, ಉಸಿರು ತಗೋತಾಳೆ — ಉಸಿರು ಸ್ಪಷ್ಟವಾಗಿ ಕೇಳುತ್ತೆ — ಏನೋ ಹೇಳೋಕೆ ಹೊರಟಿದಾಳೆ, ಅಷ್ಟರಲ್ಲಿ ಈ ರೇಡಿಯೋ. ಮತ್ತೆ ಉಸಿರು. ಮತ್ತೆ ರೇಡಿಯೋ. ಪ್ರೀತಿಯಿಂದಾನೇ ಮಾಡಿದ್ದು. ಕಷ್ಟ ಪಡ್ತಿದಾಳಲ್ಲ, ಕೈ ಜೋಡಿಸೋಣ ಅಂತ. ಅವಳ "ಸರಿ" ಕೇಳಿದ್ರೆ ಒಪ್ಪಿಗೆ ಥರ ಇಲ್ಲ. ಹೋಗ್ಲಿ ಬಿಡು ಅನ್ನೋ ಥರ ಇದೆ.

ಊಟ ಸೇರ್ಲಿಲ್ಲ. ಬ್ಯಾಂಕ್ ಮೇಡಂ ಬರ್ತಿದಾರೆ. ಕಟ್ ಮಾಡ್ತೀನಿ.

ಮಾರ್ಚ್ 13, ಗುರುವಾರ. ರಾತ್ರಿ

ಇವತ್ತು ಡ್ರೈವಿಂಗ್ ಕ್ಲಾಸ್ ಇಟ್ಕೊಳ್ಳಲಿಲ್ಲ. ಸ್ಟೂಡೆಂಟ್ಸಿಗೆ ಫೋನ್ ಮಾಡಿ ಗಾಡಿಗೆ ಹುಷಾರಿಲ್ಲ ಅಂದೆ.

ಅಮ್ಮನ ಮುಂದೆ ಬಿಳೀ ಹಾಳೆ ಇಟ್ಟೆ. "ನಿನ್ನ ಮಾತು ನಾನು ಕೇಳಿಸ್ಕೊಂಡೇ ಇಲ್ಲಮ್ಮ. ಇನ್ನೊಂದೇ ಒಂದು ಸಲ" ಅಂದೆ. ಅಮ್ಮ ನನ್ನ ಬಾಯಿ ಕಡೆ ಬೆರಳು ತೋರಿಸಿ, "ರೇಡಿಯೋ... ಆಫ್?"

ಪೆನ್ನಿನ ಕ್ಯಾಪ್ ಹಲ್ಲಲ್ಲಿ ಕಚ್ಕೊಂಡೆ. ನಕ್ಬಿಟ್ಲು! ಮುಖದ ಆ ಒಂದು ಕಡೆ ಅಷ್ಟೇ ನಗುತ್ತೆ, ಸಾಕು.

ಆಮೇಲೆ ಶುರು ಮಾಡಿದ್ಲು. ಮೊದಲ್ನೇ ವಾಕ್ಯ ಬರೋದ್ರೊಳಗೆ ಒಲೆ ಮೇಲಿನ ಹಾಲು ಉಕ್ಕಿತು. ಎದ್ದು ಆರಿಸಿ ಬಂದೆ, ಅವಳು ಅಲ್ಲೇ ಇದ್ಲು, ಅದೇ ಪದದ ಮೇಲೆ. ಬರೆದಿದ್ದು ಓದ್ತೀನಿ.

"ಗೋಡೆ ಅಡ್ಡ ಇರುವುದಲ್ಲ. ಗೋಡೆ ಹಿಡಿದುಕೊಂಡು ಬರುತ್ತಿದ್ದಾಳೆ. ಒಂದು ಹೆಜ್ಜೆ, ಆಮೇಲೆ ಗೋಡೆ, ಆಮೇಲೆ ಹೆಜ್ಜೆ."

ದಿನಾ ನೋಡ್ತೀನಿ ನಾನು. ಹಾಲ್‌ನಿಂದ ಬಚ್ಚಲಿಗೆ ಹೋಗೋದು ಹಾಗೇ. ಗೋಡೆ ಮೇಲೆ ಕೈ ಗುರುತೂ ಇದೆ. ಪದ್ಯದಲ್ಲಿ ಮಾತ್ರ ಕಾಣ್ಲಿಲ್ಲ.

"ಖಾಲಿ ಸಾಲು ಅವಳು ನಡೆಯುವ ಹೊತ್ತು. ಹೊರಗಿರುವವನು ಎರಡನೇ ಸಲ ತಟ್ಟುವುದಿಲ್ಲ. ಬಣ್ಣ ನೋಡುತ್ತಾನೆ. ಅವನಿಗೆ ಕಾಯಲು ಬರುತ್ತದೆ."

ಇಷ್ಟಕ್ಕೆ ಮಧ್ಯಾಹ್ನ ಆಯ್ತು. ಕ್ಯಾಪ್ ಮೇಲೆ ಹಲ್ಲಿನ ಗುರುತು. ಕೊನೇ ಸಾಲು ಬಾಕಿ. "ನಾಳೆ" ಅಂದ್ಲು. ಈ ಸಲ ನಿಜವಾಗ್ಲೂ ಸುಸ್ತಾಗಿತ್ತು. ಆದ್ರೂ ಮಲಗೋಕೆ ಮುಂಚೆ ತಾನೇ ಬ್ಯಾಗ್ ಜೋಡಿಸಿಟ್ಲು.

ಮಾರ್ಚ್ 14, ಶುಕ್ರವಾರ. ಸಂಜೆ, ಲೈಬ್ರರಿ ದಾರೀಲಿ

ಗಾಡಿ ಪಕ್ಕಕ್ಕೆ ಹಾಕಿದೀನಿ. ಅಮ್ಮ ಪಕ್ಕದ ಸೀಟಲ್ಲಿ ಇದಾಳೆ. ಸಿಗ್ನಲ್ ದಾಟ್ತಿದ್ದ ಹಾಗೆ ನನ್ನ ತೋಳು ಮುಟ್ಟಿ, "ಬರ್ಕೋ" ಅಂದ್ಲು. ಹಾಳೆ ತೊಡೆ ಮೇಲಿದೆ. ಫೋನೂ ಆನ್ ಮಾಡಿದೀನಿ ಅಂತ ಹೇಳಿದೆ, ಆಗ್ಲಿ ಅಂತ ತಲೆ ಅಲ್ಲಾಡಿಸಿದ್ಲು.

ಹಿಂದೆ ಯಾರೋ ಹಾರ್ನ್ ಹೊಡೀತಿದಾರೆ. ಹೊಡೀಲಿ.

"ಬೇಗ ಬಂದೆಯಲ್ಲ... ಅಂತಾನಲ್ಲ."

ಹೂಂ ಅಮ್ಮ.

"ಅದು ಚುಚ್ಚೋದಲ್ಲ."

ಹೂಂ.

"ಸುಳ್ಳೂ... ಅಲ್ಲ."

ಮುಂದಿನ ಪದ ನನಗೆ ಗೊತ್ತು. ಗೊತ್ತು ಅಂತ ಅನ್ಸ್ತಿದೆ. ಇಲ್ಲ, ಗೊತ್ತಿಲ್ಲ. ಹೇಳಮ್ಮ.

"ಅವನಿಗೆ..."