ಆಚೆ ದಡದ ಇಲಿಗಳು

ಮಂಗಳವಾರ, ಮಾರ್ಚ್ ೧೨

ಮೂರು ವಾರದಿಂದ ತಲೆ ತಿನ್ನುತ್ತಿದ್ದ ಸಂಗತಿ ಇವತ್ತು ಇತ್ಯರ್ಥವಾಯಿತು. ಈಚೆ ದಡದ ಬಿಲದ ಇಲಿಗಳಿಗೆ ಐವತ್ತೆರಡು ಕ್ರೋಮೋಸೋಮು, ಹೊಳೆಯ ಆಚೆಯವಕ್ಕೆ ಐವತ್ತೆಂಟು ಎಂದರೆ ನನ್ನ ಸಂಶೋಧನೆಗೆ ಗೈಡ್ ಆಗಿರುವ ಮೇಷ್ಟ್ರು ನಂಬಿರಲೇ ಇಲ್ಲ. "ನೋಡೋಕೆ ಎರಡೂ ಒಂದೇ ಥರ ಇವೆ. ಸ್ಲೈಡಿನ ಚೀಟಿ ಅದಲುಬದಲು ಮಾಡಿರ್ತೀಯ ಕಣಮ್ಮಾ" ಅಂದಿದ್ದರು.

ಬೆಳಿಗ್ಗೆ ಅವರೇ ಇಪ್ಪತ್ತು ಸ್ಲೈಡುಗಳ ಚೀಟಿ ಮುಚ್ಚಿ, ಹಿಂದುಮುಂದು ಮಾಡಿ, "ಎಣಿಸು ನೋಡೋಣ" ಎಂದು ನನ್ನ ಮುಂದಿಟ್ಟರು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವಳಿಗೆ ಊಟವೂ ನೆನಪಾಗಲಿಲ್ಲ. ಸಂಜೆ ಒಂದೊಂದೇ ಚೀಟಿ ಬಿಚ್ಚಿದರು. ಇಪ್ಪತ್ತಕ್ಕೆ ಇಪ್ಪತ್ತೂ ಸರಿ!

ಮೇಷ್ಟ್ರು ತಲೆ ಕೆರೆದುಕೊಂಡು, "ಮೂವತ್ತು ವರ್ಷ ಒಂದೇ ಪ್ರಭೇದ ಅಂತ ಪಾಠ ಮಾಡಿದ್ದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲಮ್ಮಾ!" ಎಂದು ಬಿದ್ದುಬಿದ್ದು ನಕ್ಕರು. ಆಮೇಲೆ, "ಹೊಸ ಪ್ರಭೇದ ಅಂತ ಖಾತ್ರಿಯಾದ್ರೆ ಹೆಸರು ನೀನೇ ಇಡು" ಅಂದರು. ಹೊಟ್ಟೆ ಖಾಲಿಯಿದ್ದರೂ ಮನೆಯವರೆಗೆ ತೇಲಿಕೊಂಡೇ ಬಂದೆ.

"ಅಣ್ಣತಮ್ಮಂದಿರು ಬೇರೆ ಸಂಸಾರ ಹೂಡಿದ ಹಾಗೆ ಅನ್ನು" ಅಂದಳು ಅಮ್ಮ, ನಾನು ಹೇಳಿದ್ದೆಲ್ಲ ಕೇಳಿ. ಎರಡು ವರ್ಷದಿಂದ ನಾನು ಬರೆಯುತ್ತಿರುವ ಪ್ರಬಂಧ ಅವಳಿಗೆ ಒಂದೇ ಸಾಲು! ಅನ್ನ ಬಡಿಸುವಷ್ಟರಲ್ಲಿ ಐದು ಹೆಸರನ್ನೂ ಹೇಳಿದಳು. ಐದೂ ಮೊಮ್ಮಕ್ಕಳಿಗೆಂದು ಎತ್ತಿಟ್ಟಿದ್ದವು. ಮೂರನೆಯದು ನನಗೂ ಇಷ್ಟವಾಯಿತು. ಆದರೆ ಹಾಗೆಂದರೆ ಮಾತು ನನ್ನ ಮದುವೆಗೇ ಹೊರಳುತ್ತದೆ, ಅದಕ್ಕೇ ಸದ್ಯಕ್ಕೆ ಇನ್ನೊಂದು ಸೌಟು ಸಾರು ಕೇಳಿದೆ.